ಅಕ್ಕ ಯಾರು, ತಂಗಿ ಯಾರು

ದೇವರು ಮನುಷ್ಯನಿಗೆ ಕೊಟ್ಟದ್ದರಲ್ಲಿ ತೂಕವೇ ಇಲ್ಲದ್ದು ದನಿ. ಆ ಆಸ್ಪತ್ರೆಯಲ್ಲಿ ಅದನ್ನೂ ಜೋಪಾನ ಮಾಡುತ್ತಿದ್ದರು. ಗಂಟಲಿನ ಆಪರೇಷನ್ನಿನಿಂದ ಮಾತು ಹೋಗಲಿರುವವರನ್ನು ಮೊದಲೇ ಕೂರಿಸಿ, ಎರಡು ಗಂಟೆ ಮಾತಾಡಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅವರು ಬೆರಳಲ್ಲಿ ಬರೆದದ್ದನ್ನು ಯಂತ್ರವೊಂದು ಅವರದೇ ದನಿಯಲ್ಲಿ ಹೇಳುತ್ತಿತ್ತು. ಆ ದನಿಗಳಿದ್ದ ಸರ್ವರ್ ನೋಡಿಕೊಳ್ಳುತ್ತಿದ್ದವಳ ಅಮ್ಮನ ದನಿಯೂ ಅದರಲ್ಲೇ ಇತ್ತು.

ಹಳೆಯ ಸರ್ವರಿಗೆ ಅವಳು ಅಕ್ಕ ಎಂದು ಹೆಸರಿಟ್ಟಿದ್ದಳು. ಹೊಸ ಕಟ್ಟಡಕ್ಕೆ ಬಂದದ್ದು ತಂಗಿ. ಅಕ್ಕನಲ್ಲಿ ಇದ್ದದ್ದು ತಂಗಿಯಲ್ಲಿ ಇರಬೇಕು, ಇಲ್ಲದ್ದು ಅಲ್ಲಿಯೂ ಇರಬಾರದು. ಕನ್ನಡಿ ಹಿಡಿದ ಹಾಗೆ. ಅದನ್ನು ಜೋಡಿಸಲು ಹೊಸ ಕಟ್ಟಡದಲ್ಲಿ ಕೂತಿದ್ದವರು, ಎಲ್ಲರೂ ಮಾವ ಎಂದೇ ಕರೆಯುವ ಹಿರಿಯ ನೌಕರ.

ಬೆಳಗಿನಿಂದ ಅವರ ಫೋನು ಬರುತ್ತಲೇ ಇತ್ತು.

"ತಾಯೀ, ಇದು ಮತ್ತೆ ಅನುಮತಿ ಇಲ್ಲ ಅಂತಿದೆ. ನಾನೇನು ಇದರ ಮನೆಗೆ ಹೆಣ್ಣು ಕೇಳೋಕ್ ಬಂದಿದೀನಾ?"

ಒಂದೊಂದೇ ಫೋಲ್ಡರ್ ನೋಡಿ, ಓದುವಷ್ಟೇ ಅನುಮತಿ ಕೊಡುವುದು ಕ್ರಮ. ಆರನೇ ಸಲ ಅವಳಿಗೆ ಸಾಕಾಯಿತು. ಎಲ್ಲಕ್ಕೂ ಮೇಲಿದ್ದ ಫೋಲ್ಡರಿನಲ್ಲಿ 'ಪೂರ್ಣ ಅಧಿಕಾರ' ಎಂಬ ಚೌಕಕ್ಕೆ ಗುರುತು ಹಾಕಿಬಿಟ್ಟಳು. ಓದುವುದಷ್ಟೇ ಅಲ್ಲ, ಅಳಿಸುವ ಅಧಿಕಾರವೂ ಕೆಳಗಿನ ಫೋಲ್ಡರುಗಳಿಗೆಲ್ಲ ಇಳಿಯಿತು.

"ಬಾಗಿಲು ಪೂರ್ತಿ ತೆಗ್ದಿದೀನಿ ಮಾವ. ಅಕ್ಕನಿಂದ ತಂಗಿಗೆ. ಶುರು ಮಾಡಿ."

ಮಾವ ಎದುರಿಗಿದ್ದ ಯಂತ್ರವನ್ನು ನೋಡಿದರು. ಬೀರುವಿನಷ್ಟು ಎತ್ತರ. ಹಳೆಯದು ಇದರ ಮುಂದೆ ಟ್ರಂಕಿನಷ್ಟು. ದೊಡ್ಡದಲ್ಲವೇ ಅಕ್ಕ? ಅವರು ಶುರು ಮಾಡಿದರು.

ಕನ್ನಡಿಯ ಮುಂದೆ ನಿಂತದ್ದು ಖಾಲಿ ಯಂತ್ರ. ಕನ್ನಡಿಯಾದ ಹಳೆಯ ಸರ್ವರೂ ಖಾಲಿಯಾಗುತ್ತ ಹೋಯಿತು.

ಅವಳಿಗೆ ಗೊತ್ತಾಗುವಾಗ ಮಧ್ಯಾಹ್ನ. ಓಡಿಹೋಗಿ ತಂತಿ ಕಿತ್ತಳು. ಪರದೆಯ ಮೇಲೆ 'ಅಳಿಸಲಾಗಿದೆ' ಎಂಬ ಸಾಲುಗಳ ನಡುವೆ ಒಂದೇ ಒಂದು ಬೇರೆ ಸಾಲು: 'ಅನುಮತಿ ಇಲ್ಲ.' ಅದು ಅಮ್ಮನ ಫೋಲ್ಡರ್. ಬೇರೆ ಯಾರ ಕಿವಿಗೂ ಬೀಳಬಾರದೆಂದು ರೆಕಾರ್ಡ್ ಆದ ದಿನವೇ ಅವಳು, ಮೇಲಿನ ಅನುಮತಿ ಅದಕ್ಕೆ ಇಳಿಯದಂತೆ ಕೊಂಡಿ ಬಿಡಿಸಿಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ.

ಹಳೆಯ ದನಿಗಳ ನಕಲೊಂದು ಬೇರೆ ಕಡೆ ಇತ್ತು. ಆದರೆ ಅದು ಐದು ತಿಂಗಳ ಹಿಂದಿನದು. ಆಮೇಲೆ ದನಿ ಕೊಟ್ಟವರು ಹದಿನೇಳು ಮಂದಿ, ಅಮ್ಮ ಸೇರಿ.

ಮಾವ ಏದುಸಿರು ಬಿಡುತ್ತ ಬಂದರು. "ಅಕ್ಕ ಅಂದ್ರೆ ದೊಡ್ಡೋಳು ಅಂದ್ಕೊಂಡೆ ಕಣಮ್ಮ."

"ಮೊದ್ಲು ಹುಟ್ಟಿದೋಳು ಮಾವ."

ಮಾವ ಬಾಗಿಲು ಮುಂದೆ ಮಾಡಿ ಬಂದರು.

"ಈಗ್ಲೇ ಬಾಯಿ ಬಿಡ್ಬೇಡ. ಅಳಿಸಿದ್ದನ್ನ ಹೊರಗೆ ತೆಗೆಯೋರು ಇದಾರೆ. ಎರಡು ದಿನ ನೋಡೋಣ. ಸಿಕ್ಕಿದ್ರೆ ಯಾರಿಗೂ ಗೊತ್ತೇ ಆಗಲ್ಲ."

ಅವಳಿಗೂ ಅದೇ ಬೇಕಿತ್ತು. ದೇವರೇ, ಎರಡು ದಿನ ಕೊಡು ಎಂದು ಮನಸ್ಸು ಆಗಲೇ ಬೇಡತೊಡಗಿತ್ತು. ಆದರೂ ಕೈ ಹದಿನೇಳು ಹೆಸರುಗಳ ಪಟ್ಟಿ ತೆಗೆಯಿತು. ಅದರಲ್ಲೊಬ್ಬ ಬಸ್ ಕಂಡಕ್ಟರ್. ಅವನ ಹೆಸರಿನ ಮುಂದೆ ಆಪರೇಷನ್ ದಿನಾಂಕ ನಾಳೆ, ಬೆಳಿಗ್ಗೆ ಎಂಟು.

"ಇವರೊಬ್ಬರ ಗಂಟಲು ಇನ್ನೂ ಇದೆ ಮಾವ," ಎಂದಳು. "ನಾಳೆ ಇರಲ್ಲ."

"ಹೇಳಿದ್ರೆ ನಿನ್ ಕೆಲ್ಸ ಹೋಗುತ್ತೆ. ಎಲ್ಲರದ್ದೂ ಹೋಗಿ ನಿಮ್ಮಮ್ಮಂದು ಮಾತ್ರ ಯಾಕೆ ಉಳೀತು ಅಂತ ಕೇಳ್ತಾರೆ. ಏನಂತೀಯ?"

ಅವಳು ಎದ್ದು ವಿಭಾಗದ ಮುಖ್ಯ ಡಾಕ್ಟರ ಕೋಣೆಗೆ ಹೋದಳು, ನಿಂತುಕೊಂಡೇ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ಮೊದಲು ಆ ಕಂಡಕ್ಟರ ದನಿ ತಗೋ. ಆಮೇಲೆ ಪಟ್ಟಿ ತಗೊಂಡು ಬಾ," ಎಂದರಷ್ಟೇ. ಬೈದಿದ್ದರೆ ವಾಸಿಯಿತ್ತು.

ವಾರ್ಡಿನಲ್ಲಿ ಕಂಡಕ್ಟರ್ ಮಂಚದ ಮೇಲೆ ಕಾಲು ಮಡಚಿ ಕೂತಿದ್ದ. ಅವಳು ತಪ್ಪು ಹೇಳಿಕೊಂಡಾಗ ಸರಿದು ಮಂಚದಲ್ಲಿ ಅವಳಿಗೆ ಜಾಗ ಮಾಡಿಕೊಟ್ಟ.

"ನನ್ ಜನ್ಮದಲ್ಲಿ ಎಷ್ಟು ಜನರನ್ನ ತಪ್ಪು ಬಸ್ ಹತ್ತಿಸಿದೀನೋ," ಎಂದ ಒಡಕು ದನಿಯಲ್ಲಿ. "ತಗೊಳ್ಳಮ್ಮ. ಮೊನ್ನೆ ಹೆಂಡ್ತಿನ ಕರೆಯೋದು ಹೇಳೋಕೆ ಮರ್ತಿದ್ದೆ. 'ಏ ಇವಳೇ' ಅಂತೀನಿ. ಯಂತ್ರ 'ಶ್ರೀಮತಿಯವರೇ' ಅಂದ್ರೆ ಅವಳು ಬಾಗಿಲೇ ತೆಗೆಯಲ್ಲ."

ಅವಳು ಮೈಕನ್ನು ಹತ್ತಿರ ಸರಿಸಿದಳು. "ಏ ಇವಳೇ," ಎಂದ ಅವನು. ಮತ್ತೊಮ್ಮೆ, ಸಿಟ್ಟಿನಲ್ಲಿ. ಮತ್ತೊಮ್ಮೆ, ಏನೂ ಇಲ್ಲದೆ ಸುಮ್ಮನೆ ಕರೆದ ಹಾಗೆ.

ಸಂಜೆ ಅದನ್ನು ಮೂರು ಕಡೆ ಉಳಿಸಿದ ಮೇಲೆ ಪಟ್ಟಿ ಬರೆಯಲು ಕೂತಳು. ಹದಿನೈದು ಹೆಸರುಗಳ ಮುಂದೆ 'ಹೋಗಿದೆ' ಎಂದು ಬರೆದಳು. ಅವರಲ್ಲಿ ಯಾರೂ ಈಗ ಮತ್ತೆ ಮಾತಾಡಲಾರರು. ನಾಳೆಯಿಂದ ಒಂದೊಂದೇ ಮನೆಗೆ ಹೋಗಿ ಅವಳು ಮಾತಾಡಬೇಕು, ಅವರು ಕೇಳಬೇಕು. ಕೊನೆಗೆ ಅಮ್ಮನ ಹೆಸರು. 'ಉಳಿದಿದೆ' ಎಂದು ಬರೆದಳು. ಪಕ್ಕದಲ್ಲಿ ಕಾರಣ ಬರೆಯುವ ಜಾಗವಿತ್ತು.

'ನಾನು ಬಾಗಿಲು ಹಾಕಿಟ್ಟದ್ದು ಇದೊಂದಕ್ಕೇ' ಎಂದು ಬರೆದು, ಕೆಳಗೆ ಸಹಿ ಮಾಡಿದಳು.