ಆಡು ಹೊರಗೆ, ಕೋಳಿ ಒಳಗೆ

ಹಾಲಿನವನ ಅರ್ಧ ಶಕ್ತಿ ಆಡುಗಳನ್ನು ಅಟ್ಟುವುದರಲ್ಲೇ ಹೋಗುತ್ತಿತ್ತು. ಪಕ್ಕದ ಮನೆಯ ಆಡುಗಳಿಗೆ ಇವನ ಅಂಗಳದ ಮೇಲೆ ಅದೇನು ಮೋಹವೋ, ಗೇಟು ತುಸು ಸರಿದರೆ ಸಾಕು, ತಲೆ ತೂರಿಸಿ ಒಳಗೆ ಬಂದುಬಿಡುತ್ತಿದ್ದವು. ಇವನ ಕೋಳಿಗಳಿಗೋ ಹೊರಗಿನ ರಸ್ತೆಯೇ ಇಷ್ಟ. ಆಡುಗಳನ್ನು ಹೊರಗಟ್ಟಿ, ಕೋಳಿಗಳನ್ನು ಒಳಗೆ ಕೂಡಿ, ಅಗುಳಿ ಹಾಕಿ ಬೆನ್ನು ತಿರುಗಿಸಿದರೆ ಮತ್ತೆ ಮೊದಲಿನಿಂದ ಅದೇ ಕಥೆ. ಆದರೂ ಇಷ್ಟು ವರ್ಷ ಹೇಗೋ ನಿಭಾಯಿಸಿಕೊಂಡು ಬಂದಿದ್ದ.

ಹೆಂಡತಿಯ ತಮ್ಮ ಬಂದ ಮೇಲೆ ಅದೂ ಕೈಮೀರಿತು. ಎರಡು ದಿನ ಇದ್ದು ಹೋಗುತ್ತೇನೆಂದು ಬಂದ ಭಾವಮೈದ ಮಳೆ ಮುಗಿದು ಚಳಿ ಹಿಡಿದರೂ ಹೊರಡುವ ಮಾತೆತ್ತಲಿಲ್ಲ. ಅವನ ಸ್ನಾನಕ್ಕೆ ಹಂಡೆ ತುಂಬ ನೀರು ಕಾಯಬೇಕು, ಅವನ ಚಹಾಕ್ಕೆ ಒಲೆ ಆರಬಾರದು. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ ಅವನದು. ಸ್ವಲ್ಪ ದಿನ ಕಳೆಯುವುದರೊಳಗೆ ಹಾಗೇ ಬಾಚಿಕೊಂಡ ಗೆಳೆಯರು ಒಬ್ಬೊಬ್ಬರಾಗಿ ಬಂದು ಜಗಲಿಯಲ್ಲಿ ಇಸ್ಪೀಟಿಗೆ ಕೂತರು. ಹಿಂದಿನಿಂದ ನೋಡಿದರೆ ತನ್ನ ತಮ್ಮ ಯಾರೆಂದು ಅಕ್ಕನಿಗೇ ಗೊತ್ತಾಗುತ್ತಿರಲಿಲ್ಲ. ಅವರಲ್ಲಿ ಒಬ್ಬನಾದರೂ ಗೇಟಿನ ಅಗುಳಿ ಹಾಕಿದ್ದನ್ನು ಕಂಡವರಿಲ್ಲ. ಹಾಲು ಹಾಕಿ ಬರುವುದರೊಳಗೆ ಅಂಗಳದ ತುಂಬ ಆಡು. ಆದರೆ ಹೆಂಡತಿಯ ಒಡಹುಟ್ಟಿದವನಿಗೆ ಹೋಗು ಎನ್ನುವುದು ಹೇಗೆ? ಮಾತು ಗಂಟಲವರೆಗೆ ಬಂದು ಮತ್ತೆ ಕೆಳಗಿಳಿಯುತ್ತಿತ್ತು.

ಇದರ ನಡುವೆ ಬಿಳಿಮೂತಿಗೆ ಭೇದಿ ಹತ್ತಿಕೊಂಡಿತು. ಇನ್ನೂ ನೆಟ್ಟಗೆ ಕುಣಿಯಲೂ ಕಲಿಯದ ಹೆಣ್ಣುಗರು. ಮನೆಯ ಒಂದೇ ಹಸುವಾದ ಅದರ ತಾಯಿಗೆ ವಯಸ್ಸಾಗಿತ್ತು, ಮತ್ತೆ ಈಯುವ ನಂಬಿಕೆಯಿರಲಿಲ್ಲ. ಕರು ಉಳಿದರೆ ಮುಂದೆಯೂ ಹಾಲಿನವನು ಹಾಲಿನವನೇ. ಉಳಿಯದಿದ್ದರೆ ಖಾಲಿ ಕ್ಯಾನು ಹಿಡಿದವನು.

ದನದ ಡಾಕ್ಟರಮ್ಮ ಆಡುಗಳನ್ನು ಮೊಣಕಾಲಿನಿಂದ ಸರಿಸಿಕೊಂಡು ಒಳಗೆ ಬಂದರು. ಕರುವಿನ ಕುತ್ತಿಗೆಯ ತೊಗಲನ್ನು ಚಿವುಟಿ ಬಿಟ್ಟರು. ಅದು ಚಿವುಟಿದ ಹಾಗೇ ನಿಂತಿತು. ಮೈಯಲ್ಲಿ ನೀರಿಲ್ಲ, ಇದು ವೈರಸ್ಸಿನ ಕೆಲಸ ಎಂದರು. ಕಣ್ಣಿಗೆ ಕಾಣದ್ದು ಇಷ್ಟು ದೊಡ್ಡ ಕರುವನ್ನು ಹಿಂಡಿಹಾಕುವುದು ಹೇಗೆ ಎಂದು ಹಾಲಿನವನು ಕೇಳಿದ. ಡಾಕ್ಟರಮ್ಮ ಅಂಗಳದ ಕಡೆ ನೋಡಿದರು.

"ಇದರ ಕರುಳಲ್ಲೂ ಇಂಥ ಪುಟ್ಟ ಪುಟ್ಟ ಮನೆಗಳಿವೆ, ಜೀವಕೋಶ ಅಂತೀವಿ. ಅಲ್ಲೂ ನಿಮ್ಮಂಥ ಕಾವಲಿನವ್ರು ಇರ್ತಾರೆ. ಸೋಡಿಯಂ, ಅಂದ್ರೆ ಉಪ್ಪಿನಂಶ, ಹೊರಗೆ; ಪೊಟ್ಯಾಸಿಯಂ ಒಳಗೆ. ಆಡು ಹೊರಗೆ, ಕೋಳಿ ಒಳಗೆ. ಮನೆಯ ಒಲೆ ಉರಿಯೋದ್ರಲ್ಲಿ ದೊಡ್ಡ ಪಾಲು ಈ ಕೆಲಸಕ್ಕೇ ಹೋಗುತ್ತೆ."

ಅಂಥ ಮನೆಗೆ ವೈರಸ್ಸು ನೆಂಟನ ಮುಖ ಹೊತ್ತು ಬರುತ್ತದಂತೆ. ಬಂದದ್ದೇ ಒಲೆ ಅದರ ಪಾಲು. ಮನೆಯ ಸಾಮಾನಿನಲ್ಲೇ ತನ್ನಂಥವನ್ನು ಇನ್ನಷ್ಟು ತಯಾರು ಮಾಡುತ್ತದೆ. ಒಳಕೋಣೆಯಲ್ಲಿ ಜೋಪಾನವಾಗಿಟ್ಟ ಕ್ಯಾಲ್ಸಿಯಂ ಮೂಟೆಗೆ ತೂತು ಕೊರೆಯುತ್ತದೆ; ಅದು ಚೆಲ್ಲಿತೆಂದರೆ ಮನೆಯಲ್ಲಿ ಯಾರ ಮಾತು ಯಾರೂ ಕೇಳರು. ಕಾವಲಿನವನಿಗೆ ತ್ರಾಣವಿಲ್ಲ, ಉಪ್ಪು ದಾರಿ ತಪ್ಪುತ್ತದೆ, ಉಪ್ಪಿನ ಹಿಂದೆ ನೀರು ಓಡುತ್ತದೆ. ಕೆಲವು ಮನೆ ಊದಿ ಒಡೆಯುತ್ತವೆ. ಒಟ್ಟು ಸೋರಿದ್ದೆಲ್ಲ ಭೇದಿಯಾಗಿ ಹೊರಗೆ.

ಹಾಲಿನವನ ಹೆಂಡತಿ ನೆಲ ನೋಡಿದಳು. ಹಾಲಿನವನು ಒಂದು ಆಡಿನ ಗಡ್ಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಭಾವಮೈದ ಮಾತ್ರ ಚಹಾದ ಲೋಟ ಕೆಳಗಿಟ್ಟು ಕಣ್ಣು ಕೆಂಪಗೆ ಮಾಡಿಕೊಂಡಿದ್ದ.

"ಎಂಥ ನಾಚಿಕೆಗೆಟ್ಟ ಜನ್ಮ ಡಾಕ್ಟರಮ್ಮ ಅದು. ಬಂದವನಿಗೆ ಹೊರಡ್ಬೇಕು ಅಂತ ತಾನಾಗಿ ತಿಳೀಬಾರ್ದಾ? ನೀವೇ ಹೇಳಿ ಭಾವ."

ಭಾವ ಕೆಮ್ಮಿದ.

ಆ ನೆಂಟನನ್ನು ಓಡಿಸುವ ಮದ್ದಿಲ್ಲ, ಅವನು ತಾನಾಗಿ ಜಾಗ ಖಾಲಿ ಮಾಡುವವರೆಗೆ ಕರುವನ್ನು ಉಳಿಸಿಕೊಳ್ಳಬೇಕಷ್ಟೇ ಎಂದರು ಡಾಕ್ಟರಮ್ಮ. ಉಪ್ಪು, ಗ್ಲೂಕೋಸು ಬೆರೆಸಿದ ಪುಡಿಯ ಪೊಟ್ಟಣಗಳನ್ನು ಕೊಟ್ಟರು. ಮುಂಬಾಗಿಲು ಕೆಟ್ಟರೂ ಗ್ಲೂಕೋಸಿನ ಕೈಹಿಡಿದು ಉಪ್ಪು ಮೈಯೊಳಗೆ ಹೋಗುವ ಪಕ್ಕದ ಬಾಗಿಲೊಂದು ಇನ್ನೂ ಅಷ್ಟಿಷ್ಟು ತೆರೆದಿರುತ್ತದೆ, ನೀರೂ ಹಿಂದೆಯೇ ಹೋಗುತ್ತದೆ, ಬಿಡದೆ ಕುಡಿಸುತ್ತಿರಿ ಎಂದು ಹೇಳಿ ಹೋದರು.

ಮೊದಲ ಪೊಟ್ಟಣ ಕುಡಿಸಿದ ಹಾಲಿನವನು ಸಂಜೆಯ ಹಾಲು ಹಾಕಿ ಬಂದು ಪೊಟ್ಟಣ ಇಟ್ಟಿದ್ದ ಗೋಡೆಯ ಗೂಡಿಗೆ ಕೈ ಹಾಕಿದರೆ ಉಳಿದವು ಇಲ್ಲ. ಜಗಲಿಯ ಮೇಲೆ ಖಾಲಿ ಲೋಟಗಳ ಸಾಲು, ಪಕ್ಕದಲ್ಲಿ ಹರಿದ ಪೊಟ್ಟಣಗಳು. ಆಡಿ ಆಡಿ ಎಲ್ಲರಿಗೂ ಸುಸ್ತಾಗಿತ್ತು, ನಿಂಬೆಹಣ್ಣು ಹಿಂಡಿದರೆ ಬಹಳ ರುಚಿ ಎಂದು ಭಾವಮೈದ ವಿವರಿಸಿದ. ಕೊಟ್ಟಿಗೆಯಲ್ಲಿ ಬಿಳಿಮೂತಿ ಕತ್ತು ಚೆಲ್ಲಿ ಮಲಗಿತ್ತು, ಕಣ್ಣು ಗುಳಿಬಿದ್ದಿತ್ತು.

ಗಂಟಲಲ್ಲಿ ನಿಂತಿದ್ದ ಮಾತು ಈ ಸಲ ಕೆಳಗಿಳಿಯಲಿಲ್ಲ.

"ಡಾಕ್ಟರಮ್ಮ ಹೇಳಿದ್ರಲ್ಲ, ಆ ನೆಂಟ ಯಾರು ಅಂದ್ಕೊಂಡೆ?"

"ಯಾರು ಭಾವ?"

"ನೀನೇ ಕಣೋ."

ಭಾವಮೈದ ಅಕ್ಕನ ಮುಖ ನೋಡಿದ. ಅಕ್ಕ ಲೋಟಗಳನ್ನು ಎತ್ತಿಕೊಳ್ಳುತ್ತ, "ನಾವಿನ್ನು ಊದಿ ಒಡೆಯೋದೊಂದೇ ಬಾಕಿ" ಎಂದಳು.

ಅವನು ಇಸ್ಪೀಟಿನ ಎಲೆ ಕೆಳಗಿಟ್ಟು ಎದ್ದ. ಹಾಲಿನವನ ಸೈಕಲ್ಲು ಹತ್ತಿ ಹೊರಟೇಹೋದ. ಹೋದವನು ಹೋದ, ಸೈಕಲ್ಲೂ ಹೋಯಿತು ಎಂದುಕೊಂಡ ಹಾಲಿನವನು ಕರುವಿನ ಪಕ್ಕ ಕೂತು ಅದರ ತಣ್ಣಗಿನ ಕಿವಿ ತಿಕ್ಕತೊಡಗಿದ. ಆದರೆ ಕತ್ತಲಾಗುವುದರೊಳಗೆ ಭಾವಮೈದ ಏದುಸಿರು ಬಿಡುತ್ತ ವಾಪಸು ಬಂದ. ಅಂಗಿಯ ಜೇಬುಗಳೆಲ್ಲ ಪೊಟ್ಟಣಗಳಿಂದ ಉಬ್ಬಿದ್ದವು, ಬಾಚಿದ ಕೂದಲು ಹುಲ್ಲಿನ ಹಾಗೆ ಕೆದರಿತ್ತು. ನೀರು ಬೆಚ್ಚಗೆ ಮಾಡಿದ, ಪುಡಿ ಕಲಸಿದ, ತಾನು ಹೊದೆಯುವ ಕಂಬಳಿಯನ್ನೇ ಕರುವಿಗೆ ಹೊದಿಸಿದ. ಬಾಟಲಿ ಹಿಡಿದು ಅಲ್ಲೇ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ. ಆ ಮನೆಯಲ್ಲಿ ಇದು ಕರುವಿನ ಕಾಯಿಲೆಗಿಂತ ದೊಡ್ಡ ಸುದ್ದಿ.

ಬೆಳಿಗ್ಗೆ ಹಾಲಿನವನು ಬಂದು ನೋಡಿದರೆ ಬಿಳಿಮೂತಿ ನಡುಗುವ ಕಾಲಿನ ಮೇಲೆ ಎದ್ದು ನಿಂತು, ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ ಭಾವಮೈದನ ಅಂಗಿಯ ತುದಿಯನ್ನು ಚೀಪುತ್ತಿತ್ತು.

ಡಾಕ್ಟರಮ್ಮ ಮತ್ತೆ ಬಂದ ದಿನ ಗೇಟಿಗೆ ಅಗುಳಿ ಬಿದ್ದಿತ್ತು. ಹೊರಗೆ ಹಿಂದಕ್ಕೆ ಬಾಚಿದ ತಲೆಗಳು ಸಾಲಾಗಿ ನಿಂತು ಒಳಗೆ ಬಿಡು ಎಂದು ಗೋಗರೆಯುತ್ತಿದ್ದವು. ಭಾವಮೈದ ಅವರತ್ತ ಕಣ್ಣೆತ್ತಿಯೂ ನೋಡದೆ ಡಾಕ್ಟರಮ್ಮನೊಬ್ಬರನ್ನು ಒಳಗೆ ಬಿಟ್ಟುಕೊಂಡು ಅಗುಳಿ ಜಡಿದ. ಅಭ್ಯಾಸಬಲದಿಂದ ಕೋಲು ಹಿಡಿದು ಬಂದ ಹಾಲಿನವನಿಗೆ ಅಂಗಳದಲ್ಲಿ ಅಟ್ಟಲು ಒಂದು ಆಡೂ ಸಿಗಲಿಲ್ಲ.

"ಇನ್ಮೇಲೆ ಗೇಟು ನನಗೆ ಬಿಡಿ ಭಾವ," ಎಂದ ಭಾವಮೈದ. "ಕರು ದೊಡ್ಡದಾಗಿ ಈಯೋವರೆಗೂ ನಾನು ಎಲ್ಲಿಗೂ ಹೋಗಲ್ಲ."

ಹಾಲಿನವನು ದನಿ ತಗ್ಗಿಸಿ, ಇದು ರೋಗ ವಾಸಿಯಾದ ಲಕ್ಷಣವೋ ಉಲ್ಬಣಿಸಿದ್ದೋ ಎಂದು ಡಾಕ್ಟರಮ್ಮನನ್ನು ಕೇಳಿದ. ಅವರು ಗೇಟಿನ ಕಡೆ ಒಮ್ಮೆ ನೋಡಿ, ತಾನು ನೆಲೆಯೂರಿದ ಮನೆಗೆ ಇನ್ನೊಬ್ಬನನ್ನು ಬಿಟ್ಟುಕೊಳ್ಳದ ವೈರಸ್ಸುಗಳೂ ಇವೆ ಎಂದರು.

ಹಾಲಿನವನು ಕೋಲನ್ನು ಮೂಲೆಗೆ ಒರಗಿಸಿದ. ಆಮೇಲೆ ಹೆಂಡತಿಗೆ ಚಹಾ ಇಡಲು ಹೇಳಿದ. ಗೇಟಿನ ಹತ್ತಿರ ಇರುವವನಿಗೂ ಸೇರಿಸಿ.