ಬಾಗದ ಮುದ್ರೆ

ಕಟಾಗಿರಿಯವರು ತೀರಿಕೊಂಡು ಆಗಲೇ ಹನ್ನೊಂದು ದಿನವಾಗಿದೆ ಎಂಬ ಸುದ್ದಿ ಬಂದಾಗ ಹಿಸಾನೊ ಅಡುಗೆಮನೆಯಲ್ಲಿ ಮೂಲಂಗಿಯ ಸಿಪ್ಪೆ ಹೆರೆಯುತ್ತಿದ್ದಳು. ಫೋನ್ ಮಾಡಿದವಳು ಯಾಸುಯೋ. ವಿಡಿಯೋ ಆಟದ ಯಂತ್ರ ಮಾಡುತ್ತಿದ್ದ ಹಯಾಬುನೆ ಕಂಪನಿಯಲ್ಲಿ, ಕಟಾಗಿರಿಯವರು ಮುಖ್ಯಸ್ಥರಾಗಿದ್ದ ದುರಸ್ತಿ ವಿಭಾಗದಲ್ಲಿ, ಇವಳ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತವಳು. ಮನೆಯವರಷ್ಟೇ ಸೇರಿ ಸಂಸ್ಕಾರ ಮುಗಿಸಿದರಂತೆ, ಯಾರಿಗೂ ತಿಳಿಸಬಾರದೆಂದು ಅವರೇ ಹೇಳಿದ್ದರಂತೆ.

"ಅವರ ಮಗಳಿಗೆ ನಿನ್ನನ್ನ ನೋಡ್ಬೇಕಂತೆ. ನಿನ್ನನ್ನೇ. ನನ್ನ ಹೆಸರೇ ಎತ್ತಲಿಲ್ಲ ನೋಡು. ನಾನು ಬಾಯಿಬಡುಕಿ ಅಂತ ಅಪ್ಪ ಹೇಳಿಟ್ಟು ಹೋಗಿರ್ಬೇಕು" ಎಂದು ಯಾಸುಯೋ ನಗಲು ಹೋಗಿ ಅತ್ತಳು.

ಯಾಕೆ ಕರೆದದ್ದು ಎಂಬುದನ್ನೂ ಅವಳೇ ಹೇಳಿದಳು: "ಅವರ ಮುದ್ರೆ ನಿನಗೆ ಕೊಡ್ಬೇಕು ಅಂತ ಬರೆದಿಟ್ಟಿದ್ದಾರಂತೆ. ಸಹಿಗೆ ಬದಲು ಒತ್ತುತ್ತಿದ್ರಲ್ಲ, ಆ ಹಳೇ ಮರದ ಮುದ್ರೆ."

ಫೋನ್ ಇಟ್ಟ ಮೇಲೆ ಹಿಸಾನೊ ಅರ್ಧ ಹೆರೆದ ಮೂಲಂಗಿಯನ್ನು ಹಾಗೇ ಬಿಟ್ಟು ಮನೆಯ ಪೂಜಾಪೆಟ್ಟಿಗೆಯ ಮುಂದೆ ಕೂತಳು. ಗಂಡ ಹೋದಂದಿನಿಂದ ಬೆಳಗು ಬೈಗು ಅಲ್ಲಿ ಕೂತು ಅಮಿದ ಬುದ್ಧನ ನಾಮ ಹೇಳುವುದು ಅವಳ ರೂಢಿ. ಈ ದಿನ ನಾಮ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಮುದ್ರೆ ಎಂಬ ಒಂದೇ ಮಾತು ಎದೆಯಲ್ಲಿ ಕೂತಿತ್ತು.

ಎರಡು ವಾರದ ಹಿಂದೆ ಪತ್ರಿಕೆಯ ಮೂಲೆಯಲ್ಲಿ ಹಯಾಬುನೆಯ ಸುದ್ದಿಯೂ ಬಂದಿತ್ತು. ಆ ಹೆಸರನ್ನೂ ಹಾರುವ ದೋಣಿಯ ಗುರುತನ್ನೂ ಬೇರೆ ಯಾರಿಗೋ ಮಾರಿದ್ದರು. ಇನ್ನು ಅದು ಮಕ್ಕಳ ಅಂಗಿಗಳ ಮೇಲೆ ಬರುತ್ತದಂತೆ. ಒಂದು ಕಾಲದಲ್ಲಿ ಮೂರು ಮನೆಗೆ ಎರಡರಲ್ಲಿ ಇದ್ದ ಆಟದ ಯಂತ್ರ ಯಾಕೆ ಮಣ್ಣುಗೂಡಿತು ಎಂದು ಒಬ್ಬ ಪಂಡಿತರು ಬರೆದಿದ್ದರು. ಪೈಪೋಟಿಯವರು ಅಗ್ಗಕ್ಕೆ ಕೊಟ್ಟರು, ಹೊಸ ಆಟ ಬರುವುದು ತಡವಾಯಿತು, ಬೆಳೆದ ಹುಡುಗರ ರುಚಿ ಬದಲಾಯಿತು ಎಂದೆಲ್ಲ ಇತ್ತು. ಹಿಸಾನೊ ಅದನ್ನು ಎರಡು ಸಲ ಓದಿ, ಮಡಚಿ, ಅದರ ಮೇಲೆ ಮೀನು ಸ್ವಚ್ಛ ಮಾಡಿದ್ದಳು. ಆ ಪಂಡಿತರು ಚೀಟಿಗಳ ಮಾತನ್ನೇ ಎತ್ತಿರಲಿಲ್ಲ. ಅವರಿಗೆ ಗೊತ್ತಿರುವುದಾದರೂ ಹೇಗೆ?

ಮಾರನೆಯ ದಿನ ಕಪ್ಪು ಉಡುಪು ತೊಟ್ಟು, ಧೂಪದ ಕಾಣಿಕೆಯ ಹಣವಿಟ್ಟ ಲಕೋಟೆಯನ್ನು ನೇರಳೆ ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಹೊರಟಳು. ಫುಸೆ ನಿಲ್ದಾಣದಲ್ಲಿ ರೈಲಿಳಿದು, ಲೇತ್ ಯಂತ್ರಗಳ ಸದ್ದು ಈಗ ಅಲ್ಲೊಂದು ಇಲ್ಲೊಂದು ಮಾತ್ರ ಕೇಳುವ ಓಣಿಗಳನ್ನು ದಾಟಿ, ನಡೆದೇ ಹೋದಳು. ದಾರಿಯಲ್ಲಿ ಹಳೆಯ ದುರಸ್ತಿ ವಿಭಾಗದ ಕಟ್ಟಡ ಸಿಕ್ಕಿತು. ಈಗ ಅಲ್ಲಿ ಮುದುಕರನ್ನು ಹಗಲು ನೋಡಿಕೊಳ್ಳುವ ಕೇಂದ್ರವಿದೆ. ಕಿಟಕಿಯಲ್ಲಿ ಯಾರೋ ಕಾಗದದ ಹೂ ಅಂಟಿಸಿದ್ದರು.

ಆ ಕಿಟಕಿಯ ಒಳಗೇ ಕಟಾಗಿರಿಯವರ ಮೇಜು ಇತ್ತು. ಮಕ್ಕಳು ತಿಂಗಳುಗಟ್ಟಲೆ ಆಡಿ ಉಳಿಸಿಟ್ಟ ಆಟದ ನೆನಪನ್ನು ಅಂಗಿಯ ಗುಂಡಿಯಷ್ಟು ಪುಟ್ಟ ಬ್ಯಾಟರಿ ಕಾಯುತ್ತಿತ್ತು. ಬ್ಯಾಟರಿ ತೆಗೆದರೆ ನೆನಪು ಹೋಯಿತು. ಬೇರೆ ಕಂಪನಿಗಳವರು ಅಳಿಸಿಯೇ ಕಳಿಸುತ್ತಿದ್ದರು. ಕಟಾಗಿರಿಯವರು ಹಾಗೆ ಮಾಡಗೊಡಲಿಲ್ಲ. ಹೊರಗಿನಿಂದ ಎರಡು ತಂತಿಯಲ್ಲಿ ಕರೆಂಟು ಕೊಡುತ್ತ ಬ್ಯಾಟರಿ ಬದಲಿಸುವ ಉಪಾಯ ಅವರದು. ಅದಕ್ಕೆ ನಾಲ್ಕು ಕೈ ಬೇಕು. ಬೆಸುಗೆ ಅವರದು, ತಂತಿ ಹಿಡಿಯುವುದು ಹಿಸಾನೊಳದು. "ಉಸಿರು ಬಿಗಿಹಿಡಿ ಹಿಸಾನೊ. ನೀನು ಸೀನಿದ್ರೆ ಯಾವನೋ ಹುಡುಗನ ರಾಜ್ಯಾನೇ ಮುಳುಗತ್ತೆ" ಎನ್ನುತ್ತಿದ್ದರು. ದಿನಕ್ಕೆ ನಲವತ್ತು ರಾಜ್ಯಗಳನ್ನು ಅವರಿಬ್ಬರೂ ಹಾಗೆ ಉಳಿಸುತ್ತಿದ್ದರು.

ದುರಸ್ತಿಯಾದ ಯಂತ್ರದ ಜೊತೆ ಮಗುವಿನ ಹೆಸರು ಬರೆದ ಒಂದು ಚೀಟಿ ಹೋಗುತ್ತಿತ್ತು. ಅದರ ಬಲತುದಿಗೆ ಕಟಾಗಿರಿಯವರ ಮುದ್ರೆ. ಕಚೇರಿಗಳಲ್ಲಿ ಕೆಳಗಿನವರು ತಮ್ಮ ಮುದ್ರೆಯನ್ನು ಎಡಕ್ಕೆ ಒಂಚೂರು ವಾಲಿಸಿ ಒತ್ತುವುದುಂಟು. ಪಕ್ಕದಲ್ಲಿರುವ ಮೇಲಧಿಕಾರಿಯ ಮುದ್ರೆಗೆ ಅದು ತಲೆಬಾಗಿದಂತೆ ಕಾಣಬೇಕು. ಕಟಾಗಿರಿಯವರು ಮುಖ್ಯ ಕಚೇರಿಗೆ ಹೋಗುವ ಕಾಗದಗಳಲ್ಲಿ ನೆಟ್ಟಗೆ ಒತ್ತಿ ಬೈಸಿಕೊಳ್ಳುತ್ತಿದ್ದರು. ಮಕ್ಕಳ ಚೀಟಿಗಳಲ್ಲಿ ಮಾತ್ರ ಮುದ್ರೆ ಮಗುವಿನ ಹೆಸರಿನ ಕಡೆಗೆ ಬಾಗಿರುತ್ತಿತ್ತು. ಕೇಳಿದರೆ, "ಮೇಲಿನವರಿಗೆ ಬಾಗೋಕೆ ಜನ ಬೇಕಾದಷ್ಟು ಇದ್ದಾರೆ" ಎಂದು ಕೆಲಸಕ್ಕೆ ಬಗ್ಗುತ್ತಿದ್ದರು.

ಕಟಾಗಿರಿಯವರ ಮನೆಯ ಬಾಗಿಲು ತೆರೆದ ಮಗಳು ಚಿಗುಸಾಳನ್ನು ಹಿಸಾನೊ ತಕ್ಷಣ ಗುರುತಿಸಲಿಲ್ಲ. ಕೊನೆಯ ಸಲ ಕಂಡಾಗ ಬೆನ್ನಿಗೆ ಶಾಲೆಯ ಕೆಂಪು ಚೀಲ ಹೊತ್ತ ಹುಡುಗಿ. ಈಗ ನಲವತ್ತರ ಹತ್ತಿರದ ಹೆಂಗಸು, ಅಪ್ಪನದೇ ಹುಬ್ಬು. ಒಳಗೆ ಬಿಳಿ ಬಟ್ಟೆ ಹಾಸಿದ ಸಣ್ಣ ಪೀಠದ ಮೇಲೆ ಅಸ್ಥಿಯ ಪೆಟ್ಟಿಗೆ, ತೀರಿಕೊಂಡವರ ಹೆಸರು ಬರೆದ ಬಿಳಿಮರದ ಫಲಕ, ಒಂದು ಪಟ. ಹಿಸಾನೊ ಧೂಪ ಹಚ್ಚಿ, ಗಂಟೆ ಬಾರಿಸಿ ಕೈ ಮುಗಿದಳು. ಪಟದಲ್ಲಿ ಕಟಾಗಿರಿಯವರು ಯಾವುದೋ ಬೆಳಕಿಗೆ ಕಣ್ಣು ಕಿರಿದು ಮಾಡಿದ್ದರು, ಬೆಸುಗೆ ಹಾಕುವಾಗಿನಂತೆ.

ಚಿಗುಸಾ ಬಾರ್ಲಿ ಚಹಾ ತಂದಿಟ್ಟಳು. ಅಪ್ಪನಿಗೆ ಕೊನೆಯ ದಿನಗಳಲ್ಲಿ ಹೆಚ್ಚು ನೋವಿರಲಿಲ್ಲ, ಊಟ ಬಿಟ್ಟಿದ್ದರು, ಪೀಚ್ ಹಣ್ಣಿನ ರಸ ಮಾತ್ರ ಕೇಳುತ್ತಿದ್ದರು ಎಂದು ಒಂದೊಂದಾಗಿ ಹೇಳಿದಳು. ಹೇಳುವ ದನಿ ಪಕ್ಕದ ಮನೆಯವರ ಸಂಗತಿ ಹೇಳುವ ಹಾಗಿತ್ತು. ಆಮೇಲೆ ಪೀಠದ ಕೆಳಗಿನಿಂದ ಒಂದು ಸಣ್ಣ ಬಟ್ಟೆಚೀಲ ತೆಗೆದು ಚಾಪೆಯ ಮೇಲೆ ಹಿಸಾನೊಳ ಕಡೆಗೆ ಸರಿಸಿದಳು. ಚೀಲಕ್ಕೆ ಕಟ್ಟಿದ ಕಾಗದದಲ್ಲಿ 'ಹಿಸಾನೊ ಅವರಿಗೆ' ಎಂದಷ್ಟೇ ಇತ್ತು.

"ತಗೊಂಡ್ಹೋಗಿ ಚಿಕ್ಕಮ್ಮ. ದೇವಸ್ಥಾನದಲ್ಲಿ ಹಳೇ ಮುದ್ರೆಗಳಿಗೆ ಶಾಂತಿ ಮಾಡಿ ಸುಡ್ತಾರಲ್ಲ, ಅಲ್ಲಿಗೆ ಕೊಡಿ. ನನಗೆ ಇದು ಮನೇಲಿರೋದು ಬೇಡ."

"ಅಪ್ಪನದಲ್ವೇನಮ್ಮ" ಎಂದಳು ಹಿಸಾನೊ.

ಚಿಗುಸಾ ಎದ್ದು ಹೋಗಿ ಕಪಾಟಿನಿಂದ ಒಂದು ಪುಸ್ತಕ ತಂದಳು. ಅದರ ನಡುವೆ ಇಟ್ಟಿದ್ದ ಹಳದಿಯಾದ ಚೀಟಿಯನ್ನು ತೆಗೆದು ಚಹಾದ ಪಕ್ಕದಲ್ಲಿ ಇಟ್ಟಳು. ಹಿಸಾನೊ ಅದನ್ನು ಓದಬೇಕಾಗಿರಲಿಲ್ಲ. 'ಪರೀಕ್ಷಿಸಲಾಗಿ ಯಂತ್ರದಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಬಳಸಿದವರ ಕೈತಪ್ಪಿನಿಂದ ನೆನಪು ಅಳಿಸಿರಬಹುದು.' ಎಡಕ್ಕೆ ಹೆಸರು: ಕಟಾಗಿರಿ ಚಿಗುಸಾ. ಬಲಕ್ಕೆ ಕೆಂಪು ಮುದ್ರೆ: ಕಟಾಗಿರಿ.

"ಆಗ ನನಗೆ ಹನ್ನೊಂದು ವರ್ಷ. ಅಮ್ಮ ಆಸ್ಪತ್ರೆ ಸೇರೋಕೆ ಮುಂಚೆ ನಾವಿಬ್ರೂ ಸೇರಿ ಹಯಾಬುನೆಯ ಆ ಹೊಸ ಯಂತ್ರದ ಆಟದಲ್ಲಿ ಒಂದು ಊರು ಕಟ್ಟಿದ್ವಿ. ಅದರಲ್ಲಿ ಅಮ್ಮನದೊಂದು ತರಕಾರಿ ತೋಟ. ದಿನಾ ಆಸ್ಪತ್ರೆಯಿಂದ ಕೇಳೋಳು, ನನ್ನ ಬದನೆಗೆ ನೀರು ಹಾಕಿದ್ಯೇನೆ ಅಂತ. ಒಂದು ದಿನ ಯಂತ್ರ ಬಿಸಿಯಾಗಿ, ಎಲ್ಲಾ ಅಳಿಸಿಹೋಯ್ತು. ನಮ್ಮ ಮನೆಯೋರು ಅಂತ ಸಾಲು ತಪ್ಪಿಸೋ ಹಾಗಿಲ್ಲ ಅನ್ನೋರು ಅಪ್ಪ. ಎಲ್ರ ಹಾಗೇ ಅಂಗಡಿಗೆ ಕೊಟ್ಟೆ. ಬಂದಿದ್ದು ಇದು."

ಹಿಸಾನೊ ಬಟ್ಟಲನ್ನು ಹಿಡಿದಳು, ಎತ್ತಲಿಲ್ಲ.

"ನಾನು ಸುಳ್ಳಿ ಅಂತ ನಮ್ಮಪ್ಪನೇ ಮುದ್ರೆ ಒತ್ತಿದ್ರು. ರಾತ್ರಿ ಊಟಕ್ಕೆ ಕೂತಾಗ ಅವರ ಚಹಾದ ಬಟ್ಟಲ ಕೆಳಗೆ ಇದನ್ನಿಟ್ಟೆ. ತುಂಬಾ ಹೊತ್ತು ನೋಡಿದ್ರು. ನೀವೇ ಒತ್ತಿದ್ದಾ ಅಂತ ಕೇಳ್ದೆ. 'ಮುದ್ರೆ ನನ್ನದೇ' ಅಂದ್ರು. ಅಷ್ಟೇ. ಅಮ್ಮ ಮುಂದಿನ ತಿಂಗಳು ಹೋದ್ಲು. ಆಮೇಲೆ ನಾವಿಬ್ರೂ ಬೇಕಾದ್ದಷ್ಟೇ ಮಾತಾಡಿದ್ವಿ. ಇಪ್ಪತ್ತೆಂಟು ವರ್ಷ."

ಧೂಪದ ಬೂದಿ ಬಾಗಿ ಮುರಿದು ಬಿತ್ತು. ಹಿಸಾನೊ ಅದನ್ನೇ ನೋಡುತ್ತಿದ್ದಳು. ಈಗ ಸುಮ್ಮನೆ ಚೀಲ ತೆಗೆದುಕೊಂಡು ಎದ್ದರೆ ಆಯಿತು. ದೇವಸ್ಥಾನದ ಬೆಂಕಿಯಲ್ಲಿ ಮುದ್ರೆ ಸುಟ್ಟುಹೋಗುತ್ತದೆ. ಇನ್ನು ಕೇಳುವವರು ಯಾರೂ ಇಲ್ಲ. ಯಾಸುಯೋ ಬಾಯಿಬಡುಕಿಯಾದರೂ ಈ ಒಂದು ಮಾತನ್ನು ಇಷ್ಟು ವರ್ಷ ನುಂಗಿಕೊಂಡೇ ಬಂದಿದ್ದಳು. ಆದರೆ ಚೀಲದ ಮೇಲೆ ಅವರ ಕೈಬರಹದಲ್ಲಿ ತನ್ನ ಹೆಸರಿತ್ತು. ಅವರು ಬೈದು ಬರೆದರೋ, ನಂಬಿ ಬರೆದರೋ, ಅವಳಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇನ್ನಿರಲಿಲ್ಲ.

"ಅದನ್ನ ಒತ್ತಿದ್ದು ನಾನು" ಎಂದಳು ಹಿಸಾನೊ.

ಚಿಗುಸಾ ತಲೆಯೆತ್ತಿದಳು.

ಹಿಸಾನೊ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಹೊಸ ಯಂತ್ರ ಬಂದು ಮೂರು ತಿಂಗಳಿಗೇ ದೂರುಗಳು ಮೂಟೆ ಮೂಟೆ ಬಂದದ್ದು. ದೋಷ ಒಳಗಿನ ಸರ್ಕ್ಯೂಟ್ ಹಲಗೆಯಲ್ಲಿದೆ ಎಂದು ಕಟಾಗಿರಿಯವರು ಬರೆದು ಕಳಿಸಿದ ವರದಿಗೆ ಉತ್ತರವೇ ಬಾರದ್ದು. ಫೆಬ್ರವರಿಯಲ್ಲಿ ಅವರು ಹೆಂಡತಿಯ ಹಾಸಿಗೆಯ ಪಕ್ಕದಲ್ಲಿದ್ದ ಒಂದು ವಾರ, ಮುಖ್ಯ ಕಚೇರಿಯಿಂದ ಕುರೋಸು ಎಂಬಾತ ಅಚ್ಚಾದ ಏಳುನೂರು ಚೀಟಿಗಳನ್ನೂ ಒಂದು ಡಬ್ಬಿ ಕೇಕನ್ನೂ ಹೊತ್ತು ಬಂದ. ಎಲ್ಲರೊಡನೆ ನಗುನಗುತ್ತ ಮಾತಾಡಿದ. ಇವು ಹೋಗದಿದ್ದರೆ ವಿಭಾಗವನ್ನೇ ಮುಚ್ಚಬೇಕಾದೀತು, ಹನ್ನೊಂದು ಹೆಂಗಸರು ಮನೆಗೆ ಹೋಗಬೇಕಾದೀತು ಎಂದ. ಹೋದರೆ ವಿಭಾಗ ಎಂದಿಗೂ ಇರುತ್ತದೆ ಎಂದು ಮಾತು ಕೊಟ್ಟ. ಕಟಾಗಿರಿಯವರ ಮೇಜಿನ ಬೀಗದ ಕೈ ಇದ್ದದ್ದು ಹಿಸಾನೊಳ ಹತ್ತಿರ. ಅವರು ಇಲ್ಲದ ದಿನ ಅವರ ಮುದ್ರೆ ಒತ್ತುವುದು ಅವಳಿಗೆ ಹೊಸದೂ ಅಲ್ಲ.

"ಅವರನ್ನ ಒಂದು ಮಾತು ಕೇಳಿ ಒತ್ತುತೀನಿ ಅಂದೆ. ಅದಕ್ಕೆ ಅವನು, 'ಯಾರ ಕೈ ಅಂತ ಮುದ್ರೆಗೆ ಗೊತ್ತಾಗತ್ತೇನಮ್ಮ' ಅಂತ ನಕ್ಕ. ನಾನೂ ನಕ್ಕೆ. ಎರಡು ದಿನ ಒತ್ತಿದೆ. ಹೆಸರುಗಳು ಕಾಣದಿರ್ಲಿ ಅಂತ ಅವುಗಳ ಮೇಲೆ ಅಳತೆಪಟ್ಟಿ ಇಟ್ಕೊಂಡು ಒತ್ತಿದೆ. ನಿನ್ನ ಹೆಸರು ಅದರಡಿ ಇತ್ತು."

ಆಮೇಲಿನದು ಚಿಗುಸಾಳಿಗೂ ಗೊತ್ತಿದ್ದದ್ದೇ. ಏಳುನೂರು ಮನೆಗಳಲ್ಲಿ ಅಪ್ಪಂದಿರು ಮಕ್ಕಳ ಮಾತು ಬಿಟ್ಟು ಮುದ್ರೆಯನ್ನು ನಂಬಿದರು. ಮಕ್ಕಳು ಶಾಲೆಯಲ್ಲಿ ಒಬ್ಬರ ಚೀಟಿಯನ್ನು ಒಬ್ಬರು ನೋಡಿಕೊಂಡರು. ಮುಂದಿನ ಹೊಸವರ್ಷಕ್ಕೆ ಮಕ್ಕಳಿಗೆ ಸಿಕ್ಕ ಕೈಗಾಣಿಕೆಯ ಹಣದಲ್ಲಿ ಹಯಾಬುನೆ ಕೊಂಡವರಿಲ್ಲ. ಅದಕ್ಕೂ ಮೊದಲೇ, ನವೆಂಬರಿನಲ್ಲಿ, ದುರಸ್ತಿ ವಿಭಾಗದ ಬಾಗಿಲಿಗೆ ಒಂದು ಕಾಗದ ಅಂಟಿತು. ಕುರೋಸು ಬರಲಿಲ್ಲ. ಫೋನಿಗೂ ಸಿಗಲಿಲ್ಲ. ಹನ್ನೊಂದು ಹೆಂಗಸರು ತಮ್ಮ ತಮ್ಮ ಚಹಾದ ಬಟ್ಟಲುಗಳನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಮನೆಗೆ ಹೋದರು.

"ಅಪ್ಪನಿಗೆ ಗೊತ್ತಿತ್ತಾ?" ಎಂದು ಚಿಗುಸಾ ಕೇಳಿದಳು.

"ನೀನು ಬಟ್ಟಲ ಕೆಳಗೆ ಇಟ್ಟ ರಾತ್ರೀನೇ ಗೊತ್ತಾಗಿರತ್ತೆ. ನೋಡು, ನೆಟ್ಟಗಿದೆ. ಮಕ್ಕಳ ಚೀಟೀಲಿ ಅವರದು ಯಾವತ್ತೂ ನೆಟ್ಟಗಿರ್ತಿರ್ಲಿಲ್ಲ. ಬೇರೆ ದಿನ ನಾನು ಒತ್ತಿದ್ರೂ ಅವರ ಹಾಗೇ ಬಾಗಿಸಿ ಒತ್ತುತಿದ್ದೆ. ಆ ಎರಡು ದಿನ ಮಾತ್ರ ಕೈ ಬಾಗಲಿಲ್ಲ. ಮಾರನೇ ದಿನ ಬಂದು ಬೀಗದ ಕೈ ಕೇಳಿದ್ರು. 'ಇನ್ಮೇಲೆ ನಾನೇ ಇಟ್ಕೋತೀನಿ' ಅಂದ್ರು. ಬೇರೆ ಒಂದು ಮಾತಿಲ್ಲ. ಆ ಮಧ್ಯಾಹ್ನಾನೂ ತಂತಿ ಹಿಡಿಯೋಕೆ ನನ್ನನ್ನೇ ಕರೆದ್ರು."

ಚಿಗುಸಾ ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಬಿಡುವ ಸದ್ದು ಕೇಳಿತು. ಪಾತ್ರೆಯ ಸದ್ದು ಕೇಳಲಿಲ್ಲ. ನೀರು ಹಾಗೇ ಹರಿಯುತ್ತಿತ್ತು. ಹಿಸಾನೊ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಳು. ಬೈದರೆ ಬೈಯಿಸಿಕೊಳ್ಳುವುದು, ಹೊರಗೆ ನಡೆ ಎಂದರೆ ನಡೆಯುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ತಿರುಗಿ ಬಂದ ಚಿಗುಸಾಳ ಮುಖ ಒದ್ದೆಯಾಗಿತ್ತು. ಕೂರಲಿಲ್ಲ.

"ಪ್ರತಿ ಹೊಸವರ್ಷಕ್ಕೂ ನಿಮ್ಮ ಕಾರ್ಡು ಬರ್ತಿತ್ತು. ಅಪ್ಪ ಎಲ್ಲಾ ಕಾರ್ಡುಗಳ ಮೇಲೆ ಅದನ್ನೇ ಇಡ್ತಿದ್ರು. 'ಆರೋಗ್ಯ ನೋಡಿಕೊಳ್ಳಿ' ಅಂತ ಬರೀತಿದ್ರಿ ನೀವು. ಒಂದೇ ಒಂದು ಸಲ ಇನ್ನೊಂದು ಸಾಲು ಬರೆಯೋಕೆ ಏನಾಗಿತ್ತು, ಚಿಕ್ಕಮ್ಮ?"

ಹಿಸಾನೊ ಹಣೆಯನ್ನು ಚಾಪೆಗೆ ಮುಟ್ಟಿಸಿದಳು. ಕ್ಷಮಿಸು ಎನ್ನಲಿಲ್ಲ. ಆ ಮಾತು ಕೇಳಿಸಿಕೊಳ್ಳಬೇಕಾಗಿದ್ದವರು ಬಿಳಿ ಬಟ್ಟೆಯ ಮೇಲಿನ ಪೆಟ್ಟಿಗೆಯಲ್ಲಿದ್ದರು.

ಚಾಪೆ ಕಿರುಗುಟ್ಟಿತು. ಚಿಗುಸಾ ಎದುರಿಗೆ ಕೂತು ಬಟ್ಟೆಚೀಲದ ದಾರ ಬಿಚ್ಚುತ್ತಿದ್ದಳು. ಹಿಡಿದು ಹಿಡಿದು ನಯವಾದ ಮರದ ಮುದ್ರೆ, ಜೊತೆಗೆ ಕೆಂಪು ಶಾಯಿಯ ಪುಟ್ಟ ಡಬ್ಬಿ. ಶಾಯಿ ಇನ್ನೂ ಒಣಗಿರಲಿಲ್ಲ. ಯಾರೋ ಆಗಾಗ ಎಣ್ಣೆ ಬಿಟ್ಟು ಕಲಸಿಟ್ಟಂತಿತ್ತು.

ಅವಳು ಹಳದಿ ಚೀಟಿಯನ್ನು ಹಿಸಾನೊಳ ಮುಂದಿಟ್ಟಳು.

"ಅಪ್ಪ ಹೇಗೆ ಒತ್ತುತಿದ್ರು, ತೋರಿಸಿ."

ಹಿಸಾನೊ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಳು. ಮುದ್ರೆಯನ್ನು ಶಾಯಿಗೆ ಮುಟ್ಟಿಸಿ, ಹಳೆಯ ಗುರುತಿನ ಪಕ್ಕದಲ್ಲಿ, ಚಿಗುಸಾ ಎಂಬ ಹೆಸರಿನ ಕಡೆಗೆ ಒಂಚೂರು ವಾಲಿಸಿ, ಉಸಿರು ಬಿಗಿಹಿಡಿದು ಒತ್ತಿದಳು. ತೆಗೆದಾಗ ಅಲ್ಲಿ ಎರಡು ಕಟಾಗಿರಿಗಳಿದ್ದವು. ಒಂದು ಮಾಸಿ ನೆಟ್ಟಗೆ ನಿಂತಿತ್ತು. ಇನ್ನೊಂದು ಹಸಿಯಾಗಿ, ಬಾಗಿತ್ತು.

ಚಿಗುಸಾ ಚೀಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಶಾಯಿ ಆರುವವರೆಗೆ ಹಿಡಿದಿದ್ದು, ಬಿಳಿಮರದ ಫಲಕಕ್ಕೆ ಒರಗಿಸಿ ಇಟ್ಟಳು. ಹೊಸದೊಂದು ಧೂಪದ ಕಡ್ಡಿಯನ್ನು ತಾನೇ ಹಚ್ಚಿದಳು. ಹಿಸಾನೊಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು, ಆದರೆ ಅವಳ ಕಡೆ ನೋಡಲಿಲ್ಲ.

ಹಿಸಾನೊ ಜಪಮಣಿಯನ್ನು ಬೆರಳಿಗೆ ಸುತ್ತಿಕೊಂಡು ಕಣ್ಣು ಮುಚ್ಚಿದಳು. ನಿನ್ನೆಯಿಂದ ನಾಲಿಗೆಯ ಮೇಲೆ ನಿಲ್ಲದಿದ್ದ ನಾಮ ಈಗ ತಾನಾಗಿ ಬಂತು.

ನಮು ಅಮಿದ ಬುತ್ಸು. ಸ್ವಾಮಿ, ಇವರು ಪರರ ಮಕ್ಕಳ ರಾಜ್ಯಗಳನ್ನು ಕಾದರು, ತಮ್ಮ ಮನೆಯದನ್ನು ಕಾಯಲಾಗಲಿಲ್ಲ. ನಾನು ಇಷ್ಟು ವರ್ಷ ಹಿಡಿದ ತಂತಿಯನ್ನು ಇನ್ನು ನೀನು ಹಿಡಿದುಕೋ. ಇವರ ಕೈಗೆ ವಿಶ್ರಾಂತಿ ಕೊಡು. ಆ ತೋಟದಲ್ಲಿ, ಬದನೆಯ ಪಾತಿಯ ಹತ್ತಿರ, ಇವರಿಗೆ ಕೂರಲು ಒಂದಿಷ್ಟು ನೆರಳು ಕೊಡು. ನಮು ಅಮಿದ ಬುತ್ಸು.