ಬಾಮೈದ ಬೀಳಿಸಿದ ಬಣ್ಣ

ಮೇಸ್ತ್ರಿಯ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಅದು ಗ್ರಿಲ್ಲಿಗೆ ಹಚ್ಚುವ ಕಪ್ಪು ಪೇಂಟು, ಬೀಳಿಸಿದವನು ಬಾಮೈದ. ಈ ವಿಷಯದಲ್ಲಿ ಮೇಸ್ತ್ರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮನೆಗಳಿಗೆ ಬಣ್ಣ ಹೊಡೆಯುತ್ತಲೇ ತಲೆ ನರೆಸಿಕೊಂಡವನು ಅವನು. ಕಾಲು ಜಾರಬಾರದೆಂದು ಏಣಿಯನ್ನು ಬರಿಗಾಲಲ್ಲೇ ಹತ್ತುತ್ತಿದ್ದ. ಹೆಂಡತಿಯ ತಮ್ಮನೇ ಅವನ ಜೊತೆಗಾರ. ಡಬ್ಬ ಕಲಕುವುದು, ಏಣಿ ಹಿಡಿಯುವುದು, ಭಾವನಿಂದ ಬೈಸಿಕೊಳ್ಳುವುದು ಅವನ ಪಾಲಿನ ಕೆಲಸ. ಕೊನೆಯದನ್ನಂತೂ ಅವನು ಬಹಳ ಅಚ್ಚುಕಟ್ಟಾಗಿ ಮಾಡುತ್ತಿದ್ದ.

ಕೆಲಸ ಮುಗಿದ ಮೇಲೆ ಇಬ್ಬರೂ ಖಾಲಿ ಡಬ್ಬಗಳ ಮೇಲೆ ಕೂತು, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮೈಮೇಲಿನ ಬಣ್ಣ ಒರೆಸಿಕೊಳ್ಳುವುದು ವಾಡಿಕೆ. ಆಗ ಮೇಸ್ತ್ರಿ ಬಲಗಾಲನ್ನು ರಾಜಗಾಂಭೀರ್ಯದಿಂದ ಬಾಮೈದನ ತೊಡೆಯ ಮೇಲೆ ಚಾಚುತ್ತಿದ್ದ. ಬೀಳಿಸಿದವನು ನೀನು, ಒರೆಸಬೇಕಾದವನೂ ನೀನೇ ಎಂಬುದು ಅವನ ನ್ಯಾಯ. ಬಾಮೈದ ಪಾಪ, ಒರೆಸಿದ್ದೇ ಒರೆಸಿದ್ದು. ಚುಕ್ಕೆ ಜಪ್ಪಯ್ಯ ಅನ್ನಲಿಲ್ಲ. ಇಷ್ಟು ಗಟ್ಟಿ ಬಣ್ಣ ಎಲ್ಲಿ ಸಿಗುತ್ತೆ ಭಾವ, ಇದನ್ನೇ ಊರಿನ ಗೇಟುಗಳಿಗೆಲ್ಲ ಹೊಡೆದುಬಿಡೋಣ ಎಂದು ಅವನು ಗೊಣಗುತ್ತಿದ್ದ. ಹೀಗೇ ವರ್ಷ ಕಳೆಯಿತು.

ಒಂದು ಭಾನುವಾರ ಮೇಸ್ತ್ರಿ ಬಾಗಿಲ ಬಳಿ ಕಾಲು ಚಾಚಿ ಪೇಪರ್ ಓದುತ್ತಿದ್ದ. ನೆಲ ಒರೆಸುತ್ತ ಬಂದ ಹೆಂಡತಿ ಆ ಕಾಲನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಮೆಣಸಿನಕಾಳಿನಷ್ಟಿದ್ದ ಚುಕ್ಕೆ ಈಗ ಅಂಗಿಯ ಗುಂಡಿಯಷ್ಟಾಗಿತ್ತು. ಒಂದು ಕಡೆಯ ಅಂಚು ಅಡ್ಡಾದಿಡ್ಡಿ ಹರಡಿಕೊಂಡಿತ್ತು.

"ಅಲ್ಲಾ ರೀ, ಬಣ್ಣ ಎಲ್ಲಾದ್ರೂ ಬೆಳೆಯುತ್ತಾ?" ಎಂದಳು.

ಬಣ್ಣದ ವಿಷಯದಲ್ಲಿ ಯಾರೇನು ಕೇಳಿದರೂ ಗಂಟೆಗಟ್ಟಲೆ ಮಾತಾಡುವ ಮೇಸ್ತ್ರಿ ಪೇಪರ್ ಮಡಿಚಿಟ್ಟು, ಬಗ್ಗಿ ತನ್ನ ಹಿಮ್ಮಡಿಯನ್ನು ತಾನೇ ನೋಡಿಕೊಂಡ. ಮರುದಿನ ಅವಳು ಅವನನ್ನು ಹೊರಡಿಸಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದಳು. ಅವರು ಚುಕ್ಕೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಕೇಳಲು ಮೂವರೂ ಹೋದರು. ಡಾಕ್ಟರಮ್ಮ ಮೆಲನೋಮಾ ಎಂದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್, ಅಂಗಾಲಿನಲ್ಲೂ ಬರುತ್ತದೆ ಎಂದು ಬಿಡಿಸಿ ಹೇಳಿದರು. ಮೇಸ್ತ್ರಿಯ ಕಿವಿಗೆ ಕ್ಯಾನ್ಸರ್ ಎಂಬ ಒಂದೇ ಪದ ಬಿತ್ತು. ಬಾಮೈದನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

"ನಾನು ಥಿನ್ನರ್ ಹಾಕಿ ಉಜ್ಜಿದ್ದಕ್ಕೇ ಬಂತಾ ಡಾಕ್ಟ್ರೇ?" ಎಂದು ಅವನು ಕೇಳಿದ.

ಉಜ್ಜಿದ್ದರಿಂದ ಬಂದದ್ದಲ್ಲ, ಆ ಪಾಪವನ್ನು ತಲೆಗೆ ಕಟ್ಟಿಕೊಳ್ಳಬೇಡಿ ಎಂದರು ಡಾಕ್ಟರಮ್ಮ. ತಡವೇನೋ ಆಗಿದೆ, ಇನ್ನು ತಡ ಮಾಡುವುದು ಬೇಡ. ನಮ್ಮ ಪುಣ್ಯ, ತುಂಬ ಆಳಕ್ಕೆ ಇಳಿದಿಲ್ಲ. ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ಕತ್ತರಿಸಿ, ತೊಡೆಯ ಚರ್ಮ ತಂದು ಅಲ್ಲಿ ಹಾಕುತ್ತೇವೆ. ತೊಡೆಸಂದಿಯ ಒಂದು ಗ್ರಂಥಿಯನ್ನೂ ತೆಗೆದು, ಹರಡಿದೆಯೋ ಇಲ್ಲವೋ ನೋಡುತ್ತೇವೆ ಎಂದರು.

ಮನೆಗೆ ಬಂದ ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಆ ಗೋಡೆಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಊರಿನವರ ಮನೆಗಳನ್ನೆಲ್ಲ ಥಳಥಳ ಹೊಳೆಸಿದ ಮಹಾನುಭಾವ ತನ್ನ ಮನೆಗೆ ಬಳಿದದ್ದು ಅವರಿವರ ಮನೆಯಲ್ಲಿ ಉಳಿದ ಬಣ್ಣ. ಈ ಗೋಡೆ ಸೊಂಟದವರೆಗೆ ಯಾವುದೋ ಶಾಲೆಯ ಹಸಿರು. ಅಲ್ಲಿಗೆ ಡಬ್ಬ ಖಾಲಿಯಾಗಿ, ಮೇಲೆ ಯಾರದೋ ಮಲಗುವ ಕೋಣೆಯ ಗುಲಾಬಿ. ಅದೂ ಸಾಲದೆ ಒಂದು ಮೂಲೆ ಬೋಳಾಗಿಯೇ ಉಳಿದಿತ್ತು. ಮದುವೆಯಾದಾಗಿನಿಂದ ಹೆಂಡತಿ ಒಂದು ಗೋಡೆಯಾದರೂ ಒಂದೇ ಬಣ್ಣದಲ್ಲಿರಲಿ ಎಂದು ಹೇಳಿ ಹೇಳಿ ಸೋತಿದ್ದಳು.

ಅವಳು ಬಂದು ಪಕ್ಕದಲ್ಲಿ ಕೂತಳು. ಧೈರ್ಯ ತಗೊಳ್ಳಿ ಗೀರ್ಯ ತಗೊಳ್ಳಿ ಎಂದು ಉಪದೇಶ ಮಾಡಲಿಲ್ಲ.

"ಈ ಗೋಡೆ ಮುಗಿಸದೆ ನಿಮ್ಮನ್ನ ಎಲ್ಲಿಗೂ ಕಳಿಸಲ್ಲ, ಈಗಲೇ ಹೇಳಿರ್ತೀನಿ."

ಮೇಸ್ತ್ರಿಗೆ ಬೇಡವೆಂದರೂ ನಗು ಬಂತು. ನಗು ಅರ್ಧಕ್ಕೇ ಅಳುವಾಯಿತು. ಅವಳ ಕೈ ಹಿಡಿದುಕೊಂಡು, "ಭಯ ಆಗ್ತಿದೆ ಕಣೇ" ಎಂದ.

"ನಂಗೂ ಆಗ್ತಿದೆ. ಬಿಡಿ, ಇಬ್ರೂ ಒಟ್ಟಿಗೇ ಹೆದರ್ಕೊಳ್ಳೋಣ" ಎಂದಳು ಅವಳು.

ಆಪರೇಷನ್ ಆಯಿತು. ಗ್ರಂಥಿಯಲ್ಲಿ ಏನೂ ಇಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊತ್ತಿದ್ದ ದೇವರಿಗೆಲ್ಲ ಕೈಮುಗಿದಳು. ಕಾಲು ಊರುವ ಹಾಗಿರಲಿಲ್ಲವಾದ್ದರಿಂದ ಬಾಮೈದ ಭಾವನನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಕರೆದೊಯ್ಯುತ್ತಿದ್ದ. ವರ್ಷವಿಡೀ ಬೈಸಿಕೊಂಡದ್ದನ್ನು ಬಡ್ಡಿ ಸಮೇತ ತೀರಿಸಿಕೊಂಡದ್ದೂ ಆಗಲೇ. ಅದೇನೋ ಪೇಂಟು ಬೀಳಿಸಿದೆ ಅಂತಿದ್ರಲ್ಲ ಭಾವ, ಯಾರು ಬೀಳಿಸಿದ್ದು ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದ. ಮೇಸ್ತ್ರಿ ತಪ್ಪಾಯ್ತು ಎಂದರೆ, ಸರಿಯಾಗಿ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿಸುತ್ತಿದ್ದ. ಬೆನ್ನ ಮೇಲಿರುವವನು ಜಗಳಕ್ಕೆ ನಿಲ್ಲುವುದಾದರೂ ಹೇಗೆ?

ಆದರೆ ಭಯ ಮಾತ್ರ ಅವನ ಮೈಬಿಟ್ಟು ಇಳಿಯಲಿಲ್ಲ. ತಿಂಗಳಿಗೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿಕೊಳ್ಳಿ, ಹೊಸ ಚುಕ್ಕೆ ಕಂಡರೆ ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ಮನೆಯಲ್ಲಿ ಕೂತಿರುವವರೆಗೆ ಅದು ಸುಲಭವಿತ್ತು. ಕಾಲು ವಾಸಿಯಾಗಿ, ಮೆತ್ತನೆ ಷೂ ಹಾಕಿಕೊಂಡು ಕೆಲಸಕ್ಕೆ ಹೋದ ಮೇಲೆ ಶುರುವಾಯಿತು ಫಜೀತಿ. ಬಣ್ಣ ಹೊಡೆಯುವವನ ಮೈಯಲ್ಲಿ ಚುಕ್ಕೆಗಳಿಗೇನು ಬರ?

ಹಾಗಾಗಿ ಆ ತಿಂಗಳ ತಪಾಸಣೆಯ ಭಾನುವಾರ ಬೆಳಗ್ಗೆ ಮೇಸ್ತ್ರಿ ಚಡ್ಡಿಯಲ್ಲಿ, ಕಿಟಕಿಯ ಬೆಳಕಿನಲ್ಲಿ, ಸ್ಟೂಲಿನ ಮೇಲೆ ನಾಚಿ ನೀರಾಗಿ ಕೂತಿದ್ದ. ಹೆಂಡತಿ ಹುಡುಕುತ್ತಿದ್ದಳು, ಬಾಮೈದ ಥಿನ್ನರ್ ಬಾಟಲಿ ಹಿಡಿದು ನಿಂತಿದ್ದ. ಮೊಣಕೈಯ ಬಿಳಿ ಹೋಯಿತು. ಕಿವಿಯ ನೀಲಿ ಹೋಯಿತು. ಇದ್ಯಾರ ಮನೆ ಬಾತ್‌ರೂಮಿನ ಬಣ್ಣ ಎಂದು ಅಕ್ಕ ತಮ್ಮ ತಮಾಷೆ ಮಾಡುತ್ತಿದ್ದರು.

ಕತ್ತಿನ ಹಿಂದೆ, ಬನಿಯನ್ನಿನ ಗೆರೆಯ ಹತ್ತಿರ ಹೆಂಡತಿಯ ಕೈ ನಿಂತಿತು. ತಮಾಷೆಯೂ ನಿಂತಿತು. ಅಲ್ಲೊಂದು ಕಪ್ಪು ಚುಕ್ಕೆ. ಅವಳು ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿದಳು. ಮತ್ತೆ ಒರೆಸಿದಳು.

"ಹೋಯ್ತಾ?" ಎಂದ ಮೇಸ್ತ್ರಿ.

ಹೆಂಡತಿ ಮೂರನೇ ಸಲ ಒರೆಸಿದಳು. ಅವನು ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದುಕೊಂಡ. ಎದುರಿಗೇ ಅದೇ ಗೋಡೆ, ಮೂಲೆ ಇನ್ನೂ ಬೋಳಾಗಿಯೇ ಇತ್ತು. ಬಾಮೈದ ಅಕ್ಕನ ಕೈಯಿಂದ ಬಟ್ಟೆ ತೆಗೆದುಕೊಂಡು, ಹೊಸದಾಗಿ ಥಿನ್ನರ್ ಸುರಿದು, ಚುಕ್ಕೆಯ ಮೇಲೆ ಒತ್ತಿ ಹಿಡಿದು ನಿಂತ. ಆಮೇಲೆ ಮೆಲ್ಲಗೆ ಎಳೆದ. ಎಳೆದ ಬಟ್ಟೆಯನ್ನು ಭಾವನ ಕಣ್ಣ ಮುಂದೆ ಹಿಡಿದ. ಬಟ್ಟೆಯ ಮೇಲೆ ಕಪ್ಪು ಗೆರೆ ಮೂಡಿತ್ತು.

ಹೆಂಡತಿ ತಮ್ಮನ ಕೈಯಲ್ಲಿದ್ದ ಆ ಬಟ್ಟೆಯ ತುದಿಯಿಂದಲೇ ಕಣ್ಣೊರೆಸಿಕೊಳ್ಳಲು ಹೋಗಿ, ವಾಸನೆ ಬಡಿದು, ಅದನ್ನು ಬಿಟ್ಟು ತೋಳಿನಿಂದ ಒರೆಸಿಕೊಂಡಳು. ಬಾಮೈದ ಕೆಮ್ಮಿದ.

"ಮೊನ್ನೆ ಗ್ರಿಲ್ಲಿಗೆ ಹೊಡೆಯುವಾಗ ಮೇಲಿಂದ ಬ್ರಷ್ ಜಾರಿತ್ತು ಭಾವ. ಬೈತೀರ ಅಂತ ಹೇಳಲಿಲ್ಲ. ಇದು ಮಾತ್ರ ನಾನೇ ಬೀಳಿಸಿದ್ದು."

ಮೇಸ್ತ್ರಿ ತಿರುಗಿ ಅವನ ಕೈಯನ್ನು, ಥಿನ್ನರ್ ಬಟ್ಟೆ ಸಮೇತ, ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬೀಳಿಸೋ ಪುಣ್ಯಾತ್ಮ," ಎಂದ. "ಎಷ್ಟು ಬೇಕಾದ್ರೂ ಬೀಳಿಸು."